ಆರೋಗ್ಯದ ಸುದ್ದಿ ನಂಬಿ ಮಾತ್ರೆ ಬದಲಿಸುವ ಮುನ್ನ: ರೋಗಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಓದುಗರು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತ ಬಂದಿರುವ ಪ್ರಶ್ನೆ ಒಂದೇ: "ಹೀಗೊಂದು ಸುದ್ದಿ ಬಂದಿದೆ, ಇದು ನಿಜವೇ? ನಾನು ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ಮುಂದುವರಿಸಬೇಕೇ, ನಿಲ್ಲಿಸಬೇಕೇ?" ಕೇಳುವವರಲ್ಲಿ ಹೆಚ್ಚಿನವರು ಈಗಾಗಲೇ ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಹೃದಯದ ತೊಂದರೆಗೋ ಚಿಕಿತ್ಸೆ ಪಡೆಯುತ್ತಿರುವವರು. ಆರೋಗ್ಯವಂತರು ತಪ್ಪು ಸುದ್ದಿಯನ್ನು ನಂಬಿದರೆ ಬಹುಮಟ್ಟಿಗೆ ಸ್ವಲ್ಪ ಹಣ ಮತ್ತು ಒಂದೆರಡು ದಿನದ ನೆಮ್ಮದಿ ಹೋಗುತ್ತದೆ. ಚಿಕಿತ್ಸೆಯಲ್ಲಿರುವವರು ನಂಬಿದರೆ ತಿಂಗಳುಗಟ್ಟಲೆ ಹತೋಟಿಯಲ್ಲಿಟ್ಟುಕೊಂಡಿದ್ದ ಕಾಯಿಲೆಯೇ ಕೈಮೀರಬಹುದು. ಆದ್ದರಿಂದ ಈ ಬರಹ ರೋಗಿಗಳಿಗಾಗಿ ಮತ್ತು ಮನೆಯಲ್ಲಿ ಅವರ ಔಷಧವನ್ನು ನೋಡಿಕೊಳ್ಳುವವರಿಗಾಗಿ.

ಆರಂಭದಲ್ಲಿಯೇ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತೇನೆ. ಸುದ್ದಿ ನಿಜವೇ ಎಂಬುದು ಒಂದು ಪ್ರಶ್ನೆ, ಆ ಸುದ್ದಿ ನನಗೆ ಅನ್ವಯಿಸುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ರೋಗಿಗಳು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಕೇಳುತ್ತಾರೆ, ಆದರೆ ಹೆಚ್ಚಿನ ಹಾನಿ ಎರಡನೆಯದನ್ನು ಕೇಳದೆ ಇರುವುದರಿಂದ ಆಗುತ್ತದೆ. ಸಂಪೂರ್ಣವಾಗಿ ನಿಜವಾದ ಸುದ್ದಿಯೊಂದು ನಿಮ್ಮ ವಯಸ್ಸಿನ, ನಿಮ್ಮ ಕಾಯಿಲೆಯ ಅಥವಾ ನೀವು ನುಂಗುವ ಮಾತ್ರೆಯ ಕುರಿತು ಏನನ್ನೂ ಹೇಳದೆ ಇರಬಹುದು.

ಈ ಎರಡೂ ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಮಾತ್ರೆಗಳಲ್ಲಿ ಯಾವ ಬದಲಾವಣೆಯನ್ನೂ ಮಾಡಬೇಡಿ. ಇನ್ಸುಲಿನ್, ಮೂರ್ಛೆರೋಗದ ಮಾತ್ರೆ, ಸ್ಟೀರಾಯ್ಡ್, ಮಾನಸಿಕ ಕಾಯಿಲೆಗಳ ಔಷಧ, ರಕ್ತದೊತ್ತಡದ ಕೆಲವು ಮಾತ್ರೆಗಳು, ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತೆಗೆದುಕೊಳ್ಳುವ ಮಾತ್ರೆ, ಇವುಗಳನ್ನು ಥಟ್ಟನೆ ನಿಲ್ಲಿಸುವುದು ಅಪಾಯಕಾರಿ. ಹಾಗೆಯೇ, ಎದೆನೋವು, ಉಸಿರಾಟದ ತೊಂದರೆ, ಮುಖ ಅಥವಾ ಕೈಕಾಲು ಒಂದೇ ಕಡೆ ಸ್ವಾಧೀನ ತಪ್ಪುವುದು, ಪ್ರಜ್ಞೆ ತಪ್ಪುವುದು ಇಂತಹ ಲಕ್ಷಣಗಳಿದ್ದಾಗ ಸುದ್ದಿಯನ್ನು ಪರಿಶೀಲಿಸುತ್ತ ಕೂರಬಾರದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಬೇಕು.

ನಿಮ್ಮ ಬಳಿ ಇರಬೇಕಾದದ್ದು

ಒಂದು ಹಾಳೆ ಸಾಕು. ವೈದ್ಯರು ಹೇಳಿರುವ ಕಾಯಿಲೆಯ ಹೆಸರು, ಪ್ರತಿ ಔಷಧದ ಮೂಲ ಹೆಸರು ಮತ್ತು ಪ್ರಮಾಣ, ಇತ್ತೀಚಿನ ಪರೀಕ್ಷೆಗಳ ಫಲಿತಾಂಶ ಹಾಗೂ ದಿನಾಂಕ, ಒಗ್ಗದ ಔಷಧಗಳಿದ್ದರೆ ಅವುಗಳ ಹೆಸರು, ಇವಿಷ್ಟನ್ನು ಬರೆದಿಟ್ಟುಕೊಳ್ಳಿ. ಮೂಲ ಹೆಸರು ಎಂದರೆ ಕಂಪನಿ ಇಟ್ಟ ಹೆಸರಿನ ಜೊತೆಗೆ ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಮೇಲೆ ಅಚ್ಚಾಗಿರುವ ರಾಸಾಯನಿಕದ ಹೆಸರು, ಉದಾಹರಣೆಗೆ ಮೆಟ್ಫಾರ್ಮಿನ್ ಅಥವಾ ಆಮ್ಲೋಡಿಪಿನ್. ಸುದ್ದಿಗಳಲ್ಲಿ ಹೆಚ್ಚಾಗಿ ಬರುವುದು ಈ ಹೆಸರೇ. ಇದು ತಿಳಿಯದಿದ್ದರೆ ಸುದ್ದಿಯಲ್ಲಿರುವುದು ನಿಮ್ಮ ಮಾತ್ರೆಯೇ ಎಂಬುದು ಗೊತ್ತಾಗುವುದಿಲ್ಲ. ಓದಲು ಬಾರದ ಹಿರಿಯರಿದ್ದರೆ ಔಷಧದಂಗಡಿಯವರಿಂದಲೋ ಊರಿನ ಆಶಾ ಕಾರ್ಯಕರ್ತೆಯಿಂದಲೋ ಬರೆಸಿಕೊಳ್ಳಬಹುದು.

1. ಸುದ್ದಿಯನ್ನು ಪೂರ್ತಿಯಾಗಿ ಹಿಡಿಯಿರಿ

ವಾಟ್ಸ್ಆ್ಯಪ್‌ನಲ್ಲಿ ಬರುವುದು ಬಹುತೇಕ ಸುದ್ದಿಯ ಒಂದು ತುಂಡು: ತಲೆಬರಹದ ಚಿತ್ರ, ಅರ್ಧ ನಿಮಿಷದ ವಿಡಿಯೊ, ಯಾರೋ ಓದಿ ಹೇಳಿದ ಧ್ವನಿಮುದ್ರಿಕೆ. ಆ ತುಂಡನ್ನು ಇಟ್ಟುಕೊಂಡು ಯಾವ ತೀರ್ಮಾನಕ್ಕೂ ಬರಲಾಗದು. ಅದೇ ತಲೆಬರಹದ ನಾಲ್ಕೈದು ಪದಗಳನ್ನು ಹುಡುಕಾಟದಲ್ಲಿ ಹಾಕಿ ಮೂಲ ವರದಿಯನ್ನು ತೆರೆಯಿರಿ ಮತ್ತು ಮೊದಲು ದಿನಾಂಕವನ್ನು ನೋಡಿ. ವರ್ಷಗಳ ಹಿಂದಿನ ಎಚ್ಚರಿಕೆಯು ಇಂದಿನದೆಂಬಂತೆ ಮತ್ತೆ ಹರಿದಾಡುವುದು ತೀರ ಸಾಮಾನ್ಯ. ಬಳಿಕ ಕೊನೆಯ ಸಾಲಿನವರೆಗೂ ಓದಿ, ಏಕೆಂದರೆ "ಈ ಪ್ರಯೋಗ ಇಲಿಗಳ ಮೇಲೆ ನಡೆದಿದೆ" ಎಂಬಂತಹ ಮುಖ್ಯ ಮಾತು ಅನೇಕ ವರದಿಗಳಲ್ಲಿ ಕೊನೆಯ ಪ್ಯಾರಾದಲ್ಲಿರುತ್ತದೆ.

"ಹೊಸ" ಎಂಬ ಪದದ ಬಗ್ಗೆ ಜಾಗರೂಕರಾಗಿರಿ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಶಿಶುಗಳಲ್ಲಿ ಎಚ್‌ಎಂಪಿವಿ ಪತ್ತೆಯಾದಾಗ ಹಲವು ಕಡೆ ಅದನ್ನು ಹೊಸ ವೈರಸ್ ಎಂದೇ ಬಣ್ಣಿಸಲಾಯಿತು. ಆ ವೈರಸ್ಸನ್ನು ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಗುರುತಿಸಿದ್ದು 2001ರಲ್ಲಿ, ಮತ್ತು ಅದು ಅದಕ್ಕೂ ಬಹಳ ಹಿಂದಿನಿಂದ ಮನುಷ್ಯರಲ್ಲಿ ನೆಗಡಿ, ಕೆಮ್ಮನ್ನು ಉಂಟುಮಾಡುತ್ತಿತ್ತು. ಈ ಒಂದು ವಾಕ್ಯ ವರದಿಯಲ್ಲಿದ್ದಿದ್ದರೆ ಎಷ್ಟೋ ತಾಯಂದಿರ ಆತಂಕ ತಪ್ಪುತ್ತಿತ್ತು.

ವಿಡಿಯೊ ಆಗಿದ್ದರೆ ಮತ್ತೊಂದು ಎಚ್ಚರಿಕೆ ಬೇಕು. ಹೆಸರಾಂತ ವೈದ್ಯರ ಮುಖ ಮತ್ತು ದನಿಯನ್ನು ಕಂಪ್ಯೂಟರ್ ಮೂಲಕ ಅನುಕರಿಸಿ ತಯಾರಿಸುವ, ಡೀಪ್‌ಫೇಕ್ ಎಂದು ಕರೆಯಲಾಗುವ ನಕಲಿ ವಿಡಿಯೊಗಳು ಈಗ ಔಷಧ ಮಾರಾಟಕ್ಕೆ ಬಳಕೆಯಾಗುತ್ತಿವೆ. ವೈದ್ಯರೊಬ್ಬರು ಯಾವುದೋ ಒಂದು ಪುಡಿಯ ಅಥವಾ ಎಣ್ಣೆಯ ಹೆಸರು ಹೇಳಿ, ಕೆಳಗಿನ ಲಿಂಕ್ ಒತ್ತಿ ಎನ್ನುತ್ತಿದ್ದರೆ ಅದನ್ನು ನಕಲಿ ಎಂದೇ ಭಾವಿಸಿ, ಆ ವೈದ್ಯರ ಆಸ್ಪತ್ರೆಯ ಅಧಿಕೃತ ಪುಟದಲ್ಲಿ ಅದೇ ವಿಡಿಯೊ ಇದೆಯೇ ಎಂದು ನೋಡಿ.

2. ಹೇಳುತ್ತಿರುವವರು ಯಾರು, ಅವರಿಗೆ ಬರುವ ಲಾಭವೇನು

"ಅಮೆರಿಕದ ವಿಜ್ಞಾನಿಗಳು", "ತಜ್ಞರ ಪ್ರಕಾರ" ಎಂಬ ಮಾತುಗಳಿಗೆ ಬೆಲೆ ಬರಬೇಕಾದರೆ ವಿಜ್ಞಾನಿಯ ಹೆಸರು, ಸಂಸ್ಥೆ, ಅಧ್ಯಯನ ಪ್ರಕಟವಾದ ನಿಯತಕಾಲಿಕೆ ಮೂರೂ ಇರಬೇಕು. ವೈದ್ಯರ ಹೆಸರಿದ್ದರೆ ಅವರ ನೋಂದಣಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಹುಡುಕಬಹುದು. ಅವರು ಮಾತನಾಡುತ್ತಿರುವ ವಿಷಯ ಅವರ ತಜ್ಞತೆಗೆ ಸೇರಿದ್ದೇ ಎಂಬುದನ್ನೂ ಗಮನಿಸಿ.

ಜಾಹೀರಾತು ಸುದ್ದಿಯ ವೇಷದಲ್ಲಿ ಬರುವುದನ್ನು ಗುರುತಿಸುವುದು ಈ ಹಂತದ ಮುಖ್ಯ ಕೆಲಸ. ಪತ್ರಿಕೆಯ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ "ಜಾಹೀರಾತು" ಅಥವಾ "ಪ್ರಾಯೋಜಿತ" ಎಂದು ಅಚ್ಚಾಗಿದ್ದರೆ ಅದು ಹಣ ಪಡೆದು ಹಾಕಿದ ಬರಹ. ನಮ್ಮ ದೇಶದಲ್ಲಿ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯು ಮಧುಮೇಹ, ಕ್ಯಾನ್ಸರ್, ಹೃದ್ರೋಗ, ರಕ್ತದೊತ್ತಡ, ಪಾರ್ಶ್ವವಾಯು, ಮೂರ್ಛೆರೋಗ, ಬೊಜ್ಜು ಮೊದಲಾದ ಕಾಯಿಲೆಗಳನ್ನು ಪಟ್ಟಿಮಾಡಿ, ಅವುಗಳನ್ನು ಗುಣಪಡಿಸುತ್ತೇವೆ ಎಂದು ಸಾರ್ವಜನಿಕರಿಗೆ ಔಷಧದ ಜಾಹೀರಾತು ನೀಡುವುದನ್ನು ನಿಷೇಧಿಸಿದೆ. ಈ ಕಾಯ್ದೆ ಅಲೋಪಥಿಗೂ ಆಯುರ್ವೇದಕ್ಕೂ ಸಮಾನವಾಗಿ ಅನ್ವಯಿಸುತ್ತದೆ. ಹಾಗಾಗಿ "ಸಕ್ಕರೆ ಕಾಯಿಲೆಯನ್ನು ಬುಡಸಮೇತ ಗುಣಪಡಿಸುತ್ತೇವೆ" ಎಂಬ ಜಾಹೀರಾತು ನಿಮ್ಮ ಕಣ್ಣಿಗೆ ಬಿದ್ದರೆ, ಔಷಧದ ಗುಣಾವಗುಣದ ಚರ್ಚೆಗೆ ಹೋಗುವ ಅಗತ್ಯವೇ ಇಲ್ಲ. ಕಾನೂನನ್ನು ಮೀರಿ ಮಾರುವವರ ಮಾತನ್ನು ನಂಬಲು ಕಾರಣವಿಲ್ಲ. ಅಂತಹ ಜಾಹೀರಾತಿನ ಚಿತ್ರ ತೆಗೆದು ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ಲಿಖಿತ ದೂರು ನೀಡಬಹುದು.

ಪೊಟ್ಟಣದ ಮೇಲಿನ ಮುದ್ರೆಗಳು ಹಲವರನ್ನು ದಾರಿ ತಪ್ಪಿಸುತ್ತವೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೀಡುವ 14 ಅಂಕಿಗಳ ಸಂಖ್ಯೆಯು ಆಹಾರ ತಯಾರಿಸಿ ಮಾರಲು ಸಿಕ್ಕ ಪರವಾನಗಿ ಅಥವಾ ನೋಂದಣಿ ಮಾತ್ರ. ಆ ಆಹಾರ ಕಾಯಿಲೆಯನ್ನು ವಾಸಿಮಾಡುತ್ತದೆ ಎಂದು ಯಾರೂ ಪರೀಕ್ಷಿಸಿ ಕೊಟ್ಟ ಪತ್ರವಲ್ಲ. ಮೈಸೂರಿಗರಿಗೆ ಸಿಎಫ್‌ಟಿಆರ್‌ಐ ಮೇಲೆ ಸಹಜವಾದ ಅಭಿಮಾನವಿದೆ. 1950ರಿಂದ ನಮ್ಮ ಊರಿನಲ್ಲಿರುವ ಆ ಸಂಸ್ಥೆ ಆಹಾರ ಸಂಸ್ಕರಣೆಯ ತಂತ್ರಜ್ಞಾನಗಳನ್ನು ರೂಪಿಸಿ ಉದ್ಯಮಗಳಿಗೆ ವರ್ಗಾಯಿಸುತ್ತದೆ. ಆದರೆ ಒಂದು ಪೊಟ್ಟಣದ ಮೇಲೆ ಆ ಸಂಸ್ಥೆಯ ತಂತ್ರಜ್ಞಾನ ಎಂದು ಬರೆದಿದ್ದರೆ ಅದರಿಂದ ತಿಳಿಯಬೇಕಾದದ್ದು ತಯಾರಿಕೆಯ ವಿಧಾನದ ಬಗ್ಗೆ ಅಷ್ಟೇ.

ಖಾಸಗಿ ಆಸ್ಪತ್ರೆಗಳ ಪತ್ರಿಕಾಗೋಷ್ಠಿಯ ವರದಿಗಳನ್ನೂ ಇದೇ ಎಚ್ಚರದಿಂದ ಓದಬೇಕು. "ಮೈಸೂರಿನಲ್ಲಿ ಮೊದಲ ಬಾರಿಗೆ ಯಶಸ್ವಿ ಶಸ್ತ್ರಚಿಕಿತ್ಸೆ" ಎಂಬ ವರದಿಯಲ್ಲಿ ಗುಣಮುಖರಾದ ಒಬ್ಬ ರೋಗಿಯ ಚಿತ್ರವಿರುತ್ತದೆ. ಅದು ಸುಳ್ಳಲ್ಲ ಮತ್ತು ಆ ವೈದ್ಯರ ಶ್ರಮ ಗೌರವಾರ್ಹ. ಆದರೆ ನಿಮಗೆ ಅದೇ ಚಿಕಿತ್ಸೆ ಬೇಕೇ ಎಂದು ನಿರ್ಧರಿಸಲು ಆ ವಿಧಾನವನ್ನು ಅಲ್ಲಿ ಎಷ್ಟು ಜನರಿಗೆ ಮಾಡಲಾಗಿದೆ, ಎಷ್ಟು ಮಂದಿಗೆ ತೊಡಕುಗಳಾದವು, ಹಳೆಯ ವಿಧಾನಕ್ಕಿಂತ ಯಾವುದರಲ್ಲಿ ಉತ್ತಮ, ಖರ್ಚೆಷ್ಟು ಎಂಬ ನಾಲ್ಕು ಉತ್ತರಗಳು ಬೇಕಾಗುತ್ತವೆ, ಮತ್ತು ಇವು ವರದಿಯಲ್ಲಿ ಬಹುತೇಕ ಇರುವುದಿಲ್ಲ.

3. ಪುರಾವೆ ಯಾವ ಬಗೆಯದು ಎಂದು ಗುರುತಿಸಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಇದಕ್ಕೆ ವಿಜ್ಞಾನದ ಪದವಿ ಬೇಕಾಗಿಲ್ಲ. ಪರೀಕ್ಷೆ ಯಾರ ಮೇಲೆ ನಡೆಯಿತು ಮತ್ತು ಹೋಲಿಕೆಗೆ ಇನ್ನೊಂದು ಗುಂಪು ಇತ್ತೇ ಎಂದು ಕೇಳಿದರೆ ಅರ್ಧ ಕೆಲಸ ಮುಗಿಯುತ್ತದೆ.

ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳು ಸತ್ತವು ಎಂಬ ಸುದ್ದಿಯಿಂದ ರೋಗಿಗೆ ಇಂದು ಯಾವ ಉಪಯೋಗವೂ ಇಲ್ಲ, ಏಕೆಂದರೆ ತಟ್ಟೆಯಲ್ಲಿರುವ ಕೋಶಗಳನ್ನು ಎಷ್ಟೋ ವಸ್ತುಗಳು ಕೊಲ್ಲುತ್ತವೆ ಮತ್ತು ಅವು ಮನುಷ್ಯನ ಆರೋಗ್ಯವಂತ ಕೋಶಗಳನ್ನೂ ಕೊಲ್ಲಬಹುದು. ಇಲಿಗಳ ಮೇಲಿನ ಪ್ರಯೋಗವೂ ಆರಂಭದ ಹೆಜ್ಜೆ ಮಾತ್ರ.

ಮುಂದಿನದು ಪ್ರಕರಣ ವರದಿ, ಅಂದರೆ ಕೆಲವೇ ರೋಗಿಗಳಲ್ಲಿ ಕಂಡದ್ದನ್ನು ವೈದ್ಯರು ದಾಖಲಿಸುವುದು. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿಯ ಕಷಾಯ ಅಥವಾ ಮಾತ್ರೆ ಸೇವಿಸಿದ್ದ 6 ರೋಗಿಗಳಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪದೆ, ಗಿಡದ ಗುರುತಿನಲ್ಲಿಯೇ ತಪ್ಪಾಗಿರಬಹುದೆಂದು ಪ್ರತಿಕ್ರಿಯಿಸಿತು. ಕೋವಿಡ್ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಹಿತ್ತಿಲಿನ ಬಳ್ಳಿಯನ್ನು ಕುದಿಸಿ ಕುಡಿದವರು ಬಹಳ, ಆದ್ದರಿಂದ ಈ ಸುದ್ದಿ ಗೊಂದಲ ಹುಟ್ಟಿಸಿತು. ಇಂತಹ ವರದಿಯನ್ನು ಓದುವ ಸರಿಯಾದ ಬಗೆ ಹೀಗೆ: ಎಷ್ಟು ಜನರಲ್ಲಿ ಒಬ್ಬರಿಗೆ ತೊಂದರೆಯಾಗುತ್ತದೆ ಎಂಬುದನ್ನು ಪ್ರಕರಣ ವರದಿ ಹೇಳಲಾರದು, ಆದರೆ ತೊಂದರೆ ಸಾಧ್ಯ ಎಂಬ ಎಚ್ಚರಿಕೆಯನ್ನು ನೀಡಬಲ್ಲದು. ಈಗಾಗಲೇ ಯಕೃತ್ತಿನ ಕಾಯಿಲೆ ಇರುವವರಿಗೆ ಅಷ್ಟು ಎಚ್ಚರಿಕೆ ಸಾಕು.

ಪತ್ರಿಕೆಗಳಲ್ಲಿ ಅತಿ ಹೆಚ್ಚು ಕಾಣಿಸುವುದು ವೀಕ್ಷಣಾ ಅಧ್ಯಯನ. ಜನರು ತಮ್ಮ ಪಾಡಿಗೆ ಬದುಕುತ್ತಿರುವಾಗ ಅವರನ್ನು ಗಮನಿಸಿ, ಇಂತಹ ಆಹಾರ ತಿನ್ನುವವರಲ್ಲಿ ಇಂತಹ ಕಾಯಿಲೆ ಕಡಿಮೆ ಎಂದು ಹೇಳುವ ಬಗೆ ಇದು. ಎರಡು ಸಂಗತಿಗಳು ಜೊತೆಯಾಗಿ ಕಂಡವು ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು. ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಹಣ್ಣು ತರಕಾರಿಗಳಲ್ಲಿರುವ ಬೀಟಾ ಕ್ಯಾರೋಟಿನ್ ಎಂಬ ಪೋಷಕಾಂಶದ್ದು. ಹಣ್ಣು ತರಕಾರಿಗಳನ್ನು ಹೆಚ್ಚು ತಿನ್ನುವವರಲ್ಲಿ, ರಕ್ತದಲ್ಲಿ ಬೀಟಾ ಕ್ಯಾರೋಟಿನ್ ಹೆಚ್ಚಿರುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಅನೇಕ ವೀಕ್ಷಣಾ ಅಧ್ಯಯನಗಳು ಹೇಳಿದ್ದವು. ಹಾಗಾದರೆ ಅದನ್ನೇ ಮಾತ್ರೆಯಾಗಿ ಕೊಟ್ಟರೆ ಒಳ್ಳೆಯದಲ್ಲವೇ ಎಂದು ಫಿನ್ಲೆಂಡ್‌ನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ಪ್ರಯೋಗ ನಡೆಯಿತು. 1994ರಲ್ಲಿ ಫಲಿತಾಂಶ ಪ್ರಕಟವಾದಾಗ ಬೀಟಾ ಕ್ಯಾರೋಟಿನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಒಳ್ಳೆಯ ಆಹಾರ ತಿನ್ನುವವರು ಬದುಕಿನ ಬೇರೆ ವಿಷಯಗಳಲ್ಲೂ ಭಿನ್ನವಾಗಿರುತ್ತಾರೆ. ಆ ಭಿನ್ನತೆಯ ಫಲವನ್ನು ಒಂದು ಪೋಷಕಾಂಶದ ಲೆಕ್ಕಕ್ಕೆ ಬರೆದದ್ದೇ ಅಲ್ಲಿನ ತಪ್ಪು.

ಫಿನ್ಲೆಂಡ್‌ನಲ್ಲಿ ನಡೆದಂತಹುದಕ್ಕೆ ಯಾದೃಚ್ಛಿಕ ನಿಯಂತ್ರಿತ ಪ್ರಯೋಗ ಎನ್ನುತ್ತಾರೆ. ಯಾರಿಗೆ ಔಷಧ, ಯಾರಿಗೆ ಅದರಂತೆಯೇ ಕಾಣುವ ಸಪ್ಪೆ ಮಾತ್ರೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಆಯ್ಕೆಮಾಡಿ ಎರಡೂ ಗುಂಪುಗಳನ್ನು ಹೋಲಿಸುವ ಈ ವಿಧಾನಕ್ಕೆ ಚಿಕಿತ್ಸೆಯ ವಿಷಯದಲ್ಲಿ ಹೆಚ್ಚು ತೂಕವಿದೆ. ಇಂತಹ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕ್ರಮಬದ್ಧ ಪರಾಮರ್ಶೆಗೆ ಇನ್ನೂ ಹೆಚ್ಚು. ಭಾರತದಲ್ಲಿ ಮನುಷ್ಯರ ಮೇಲಿನ ಔಷಧ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ನೋಂದಾಯಿಸುವುದು 2009ರಿಂದ ಕಡ್ಡಾಯವಾಗಿದೆ ಮತ್ತು ಅದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಆದರೆ ನೋಂದಣಿ ಎಂದರೆ ಪ್ರಯೋಗದ ವಿವರ ದಾಖಲಾಗಿದೆ ಎಂದಷ್ಟೇ ಅರ್ಥ. "ಸಿಟಿಆರ್‌ಐ ನೋಂದಾಯಿತ ಔಷಧ" ಎಂದು ಮಾರುವವರ ಮಾತಿಗೆ ಮರುಳಾಗಬೇಡಿ.

ಈ ಹಂತದಲ್ಲಿ ಬಹುತೇಕರು ಗಮನಿಸದ ತೊಡಕೊಂದಿದೆ. ಅಧ್ಯಯನ ಅಳೆದದ್ದು ರೋಗಿಯ ಬದುಕಿಗೆ ಸಂಬಂಧಿಸಿದ್ದನ್ನೋ, ಕೇವಲ ರಕ್ತಪರೀಕ್ಷೆಯ ಒಂದು ಅಂಕಿಯನ್ನೋ? ಡೆಂಗಿ ಕಾಲದಲ್ಲಿ ಪಪ್ಪಾಯ ಎಲೆಯ ರಸ ಪ್ಲೇಟ್‌ಲೆಟ್ ಹೆಚ್ಚಿಸುತ್ತದೆ ಎಂಬ ಸುದ್ದಿ ಪ್ರತಿ ಮಳೆಗಾಲವೂ ಮರಳಿ ಬರುತ್ತದೆ. ಕೆಲವು ಸಣ್ಣ ಪ್ರಯೋಗಗಳಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಸ್ವಲ್ಪ ಬೇಗ ಏರಿದ್ದು ನಿಜ. ಆದರೆ ಡೆಂಗಿಯಲ್ಲಿ ಜೀವಕ್ಕೆ ಕುತ್ತು ತರುವುದು ಮುಖ್ಯವಾಗಿ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವುದು. ರಸ ಕುಡಿದವರಲ್ಲಿ ಈ ಅಪಾಯವಾಗಲಿ ಸಾವಾಗಲಿ ತಗ್ಗಿತು ಎಂಬುದು ಸಿದ್ಧವಾಗಿಲ್ಲ. ಡೆಂಗಿ ಚೇತರಿಕೆಯಲ್ಲಿ ಪ್ಲೇಟ್‌ಲೆಟ್‌ಗಳು ತಾವಾಗಿಯೇ ಏರುತ್ತವೆ, ಆದ್ದರಿಂದ ರಸ ಕುಡಿದ ಮರುದಿನ ಏರಿಕೆ ಕಂಡರೆ ಅದರ ಕೀರ್ತಿ ರಸಕ್ಕೆ ಹೋಗುತ್ತದೆ. ರಸದ ಭರವಸೆಯಲ್ಲಿ ಮನೆಯಲ್ಲಿಯೇ ಉಳಿಯುವುದು ನಿಜವಾದ ಅಪಾಯ. ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

4. ಸಂಖ್ಯೆಯ ಕೆಳಗಿರುವ ಸಂಖ್ಯೆಯನ್ನು ಹುಡುಕಿ

"ಈ ಮಾತ್ರೆಯಿಂದ ಹೃದಯಾಘಾತ ಶೇ 50ರಷ್ಟು ಇಳಿಕೆ" ಎಂಬ ತಲೆಬರಹವನ್ನು ತೆಗೆದುಕೊಳ್ಳಿ. ಸಾವಿರ ಜನರಲ್ಲಿ 2 ಮಂದಿಗೆ ಆಗುತ್ತಿದ್ದುದು 1ಕ್ಕೆ ಇಳಿದರೂ ಶೇ 50, ಸಾವಿರದಲ್ಲಿ 200 ಮಂದಿಗೆ ಆಗುತ್ತಿದ್ದುದು 100ಕ್ಕೆ ಇಳಿದರೂ ಶೇ 50. ಮೊದಲನೆಯದರಲ್ಲಿ ಸಾವಿರ ಜನ ಮಾತ್ರೆ ನುಂಗಿದರೆ ಒಬ್ಬರಿಗೆ ಪ್ರಯೋಜನ, ಎರಡನೆಯದರಲ್ಲಿ ನೂರು ಜನರಿಗೆ. ಶೇಕಡಾವಾರು ಇಳಿಕೆಗೆ ಸಾಪೇಕ್ಷ ಬದಲಾವಣೆ ಎನ್ನುತ್ತಾರೆ, ಸಾವಿರಕ್ಕೆ ಎಷ್ಟು ಜನ ಎಂಬ ಲೆಕ್ಕಕ್ಕೆ ನಿರಪೇಕ್ಷ ಬದಲಾವಣೆ ಎನ್ನುತ್ತಾರೆ. ಸುದ್ದಿ ಮೊದಲನೆಯದನ್ನೇ ಕೊಡುತ್ತದೆ, ರೋಗಿಗೆ ಬೇಕಾದದ್ದು ಎರಡನೆಯದು. ಒಮ್ಮೆ ಹೃದಯಾಘಾತವಾಗಿರುವವರಿಗೂ ಯಾವ ಕಾಯಿಲೆಯೂ ಇಲ್ಲದ 30ರ ಯುವಕನಿಗೂ ಒಂದೇ ಮಾತ್ರೆಯ ಬೆಲೆ ಬೇರೆ ಬೇರೆ ಆಗುವುದು ಇದೇ ಕಾರಣಕ್ಕೆ.

ಸಾವುಗಳ ಸುದ್ದಿಯಲ್ಲಿ ಇದೇ ತಪ್ಪು ಇನ್ನೊಂದು ರೂಪದಲ್ಲಿ ಬರುತ್ತದೆ. 2025ರ ಜೂನ್ ಮತ್ತು ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳನ್ನು ಒಂದೊಂದಾಗಿ ಎಣಿಸುತ್ತ ವರದಿಗಳು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದರು. ಯುವಕರು ಹಠಾತ್ತನೆ ತೀರಿಕೊಂಡ ಮನೆಗಳ ದುಃಖ ನಿಜವಾದದ್ದು, ಜನರ ಭಯವೂ ಅರ್ಥವಾಗುವಂಥದ್ದು. ಆದರೆ ಎಣಿಕೆ ಅಸಾಮಾನ್ಯವೇ ಎಂದು ತಿಳಿಯಲು ಕೆಳಗಿನ ಸಂಖ್ಯೆ ಬೇಕು. 2011ರ ಜನಗಣತಿಯಲ್ಲಿಯೇ ಹಾಸನ ಜಿಲ್ಲೆಯ ಜನಸಂಖ್ಯೆ 17 ಲಕ್ಷ 76 ಸಾವಿರ ದಾಟಿತ್ತು. ವರ್ಷಕ್ಕೆ ಸಾವಿರ ಜನರಲ್ಲಿ 6 ಮಂದಿ ಸಾಯುತ್ತಾರೆ ಎಂದು ಇಟ್ಟುಕೊಂಡರೂ, ಎಲ್ಲ ಕಾರಣಗಳಿಂದ ಆ ಜಿಲ್ಲೆಯಲ್ಲಿ ತಿಂಗಳಿಗೆ 800ಕ್ಕೂ ಹೆಚ್ಚು ಸಾವು ಸಂಭವಿಸುತ್ತವೆ, ಮತ್ತು ಹೃದಯ ಹಾಗೂ ರಕ್ತನಾಳದ ಕಾಯಿಲೆಗಳು ಭಾರತದಲ್ಲಿ ಸಾವಿಗೆ ದೊಡ್ಡ ಕಾರಣ. ಸರ್ಕಾರ ನೇಮಿಸಿದ ತಜ್ಞರ ಸಮಿತಿಯು 24 ಸಾವುಗಳನ್ನು ಪರಿಶೀಲಿಸಿ, 4 ಸಾವುಗಳಿಗೆ ಕಾರಣ ಹೃದಯವಲ್ಲ ಎಂದೂ ಉಳಿದ 20ರಲ್ಲಿ 10 ದೃಢಪಟ್ಟವು, 10 ಸಂಭವನೀಯ ಎಂದೂ ವಿಂಗಡಿಸಿ, ಒಟ್ಟಾರೆ ಅಸಾಮಾನ್ಯ ಏರಿಕೆ ಕಂಡುಬಂದಿಲ್ಲ ಎಂದು ವರದಿ ನೀಡಿತು. ಇಂತಹ ಸುದ್ದಿ ಓದಿದಾಗ ನೀವು ಕೇಳಬೇಕಾದದ್ದು: ಕಳೆದ ವರ್ಷ ಇದೇ ತಿಂಗಳುಗಳಲ್ಲಿ ಎಷ್ಟಿತ್ತು? ಎಷ್ಟು ಜನಸಂಖ್ಯೆಗೆ? ಸಾವಿನ ಕಾರಣವನ್ನು ಯಾರು, ಹೇಗೆ ಖಚಿತಪಡಿಸಿದರು? ಆರೋಗ್ಯವಂತರು ಭಯದಿಂದ ಸಾಲಿನಲ್ಲಿ ನಿಂತಾಗ ನಿಜವಾಗಿ ಎದೆನೋವಿನಿಂದ ಬಂದವರಿಗೆ ತಡವಾಗುತ್ತದೆ ಎಂಬುದನ್ನು ಕೂಡ ನಾವು ನೆನಪಿಡಬೇಕು.

"ಕ್ಯಾನ್ಸರ್‌ಕಾರಕ" ಎಂಬ ವರ್ಗೀಕರಣದ ಸುದ್ದಿಗೂ ಈ ಹಂತದಲ್ಲಿಯೇ ಉತ್ತರವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು ವಸ್ತುಗಳನ್ನು ಗುಂಪುಗಳಾಗಿ ವಿಂಗಡಿಸುವುದು ಪುರಾವೆ ಎಷ್ಟು ಗಟ್ಟಿ ಎಂಬುದರ ಮೇಲೆ. ಅಪಾಯ ಎಷ್ಟು ದೊಡ್ಡದು ಎಂಬುದರ ಮೇಲಲ್ಲ. 2023ರ ಜುಲೈನಲ್ಲಿ ಸಕ್ಕರೆ ಬದಲಿಗೆ ಬಳಸುವ ಆಸ್ಪರ್ಟೇಮ್ ಅನ್ನು "ಬಹುಶಃ ಸಾಧ್ಯ" ಎಂಬ 2ಬಿ ಗುಂಪಿಗೆ ಸೇರಿಸಿದಾಗ ಅನೇಕ ಮಧುಮೇಹಿಗಳು ಗಾಬರಿಯಾದರು. ಅದೇ ದಿನ ಆಹಾರ ಸೇರ್ಪಡೆಗಳ ತಜ್ಞ ಸಮಿತಿಯು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು, ಅಂದರೆ 60 ಕಿಲೋ ತೂಕದವರಿಗೆ 2,400 ಮಿಲಿಗ್ರಾಂ. ಲೋಳೆಸರದ ಇಡೀ ಎಲೆಯ ಸಾರವೂ ಇದೇ 2ಬಿ ಗುಂಪಿನಲ್ಲಿದೆ ಎಂಬುದನ್ನು ತಿಳಿಸಿದರೆ ಹಲವರಿಗೆ ಆಶ್ಚರ್ಯವಾಗುತ್ತದೆ.

5. ಇನ್ನೆರಡು ಕಡೆ ತಾಳೆ ನೋಡಿ

ಒಂದೇ ವರದಿಯನ್ನು ಹತ್ತು ಜಾಲತಾಣಗಳು ನಕಲು ಮಾಡಿದರೆ ಅದು ಹತ್ತು ಪುರಾವೆಗಳಾಗುವುದಿಲ್ಲ. ರಾಜ್ಯ ಆರೋಗ್ಯ ಇಲಾಖೆಯ ಪ್ರಕಟಣೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ವಿಶ್ವ ಆರೋಗ್ಯ ಸಂಸ್ಥೆ ಇವುಗಳಲ್ಲಿ ಯಾವುದಾದರೂ ಎರಡನ್ನು ನೋಡಿ. ಕೇಂದ್ರ ಸರ್ಕಾರದ ಆದೇಶ ಎಂದು ಹೇಳಿಕೊಂಡು ಬರುವ ಸಂದೇಶಗಳನ್ನು ಆ ಸರ್ಕಾರದ ವಾರ್ತಾ ಸಂಸ್ಥೆಯ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗ ಪರಿಶೀಲಿಸುತ್ತದೆ. ಇಂಟರ್ನೆಟ್ ಬಳಸಲಾಗದವರು ರಾಜ್ಯದ 104 ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಕೇಳಬಹುದು.

ದೊಡ್ಡ ನಿಯತಕಾಲಿಕೆಯಲ್ಲಿ ಬಂದ ಅಧ್ಯಯನವೂ ಹಿಂತೆಗೆಯಲ್ಪಡಬಹುದು. ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಅಪಾಯಕಾರಿ ಎಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ 2020ರ ಮೇ 22ರಂದು ಪ್ರಕಟವಾದ ಅಧ್ಯಯನವನ್ನು, ಅದರ ದತ್ತಾಂಶದ ಸಾಚಾತನವನ್ನು ಖಚಿತಪಡಿಸಲಾಗದೆ, ಜೂನ್ 4ರಂದು ಹಿಂತೆಗೆಯಲಾಯಿತು. ಸಂಧಿವಾತಕ್ಕೆ ಅದೇ ಮಾತ್ರೆಯನ್ನು ವರ್ಷಗಳಿಂದ ಸೇವಿಸುತ್ತಿದ್ದವರು ಆ ಎರಡು ವಾರಗಳ ಸುದ್ದಿ ನೋಡಿ ಮಾತ್ರೆ ಬಿಟ್ಟಿದ್ದರೆ ಕೀಲುನೋವು ಉಲ್ಬಣಿಸುತ್ತಿತ್ತು. ತುರ್ತು ಇಲ್ಲದ ಹೊಸ ಸಂಶೋಧನೆಯ ವಿಷಯದಲ್ಲಿ ಕೆಲವು ವಾರ ಕಾಯುವುದರಿಂದ ರೋಗಿಗೆ ನಷ್ಟವಾಗುವುದು ಅಪರೂಪ.

6. ಇದು ನನಗೆ ಅನ್ವಯಿಸುತ್ತದೆಯೇ

ಈಗ ನಿಮ್ಮ ಹಾಳೆಯನ್ನು ತೆಗೆದು ಸುದ್ದಿಯ ಪಕ್ಕದಲ್ಲಿಡಿ. 2023ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೂಕ ನಿಯಂತ್ರಣಕ್ಕಾಗಿ ಕೃತಕ ಸಿಹಿಕಾರಕಗಳನ್ನು ಬಳಸಬಾರದೆಂದು ಸಲಹೆ ನೀಡಿತು. ಈಗಾಗಲೇ ಮಧುಮೇಹ ಇರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲ ಎಂದು ಅದೇ ದಾಖಲೆಯಲ್ಲಿ ಬರೆದಿತ್ತು. ತಲೆಬರಹವನ್ನಷ್ಟೇ ಓದಿ ಕಾಫಿಗೆ ಮತ್ತೆ ಸಕ್ಕರೆಯನ್ನೋ ಬೆಲ್ಲವನ್ನೋ ಹಾಕಿಕೊಂಡವರಿಗೆ ಈ ಸಾಲು ತಲುಪಲಿಲ್ಲ.

ಬೆಲ್ಲದ ಮಾತು ಬಂದಿರುವುದರಿಂದ ಮಂಡ್ಯದ ಓದುಗರಿಗೆ ನೇರವಾಗಿ ಹೇಳಬೇಕು. ಆಲೆಮನೆಯ ಬೆಲ್ಲದಲ್ಲಿ ಬಿಳಿ ಸಕ್ಕರೆಯಲ್ಲಿ ಇಲ್ಲದ ಒಂದಿಷ್ಟು ಕಬ್ಬಿಣ ಮತ್ತು ಖನಿಜಗಳಿವೆ ಎಂಬುದು ನಿಜ. ಆದರೆ ಬೆಲ್ಲದ ಬಹುಭಾಗ ಸಕ್ಕರೆಯಲ್ಲಿರುವ ಸುಕ್ರೋಸ್‌ನದೇ, ಮತ್ತು ಅದು ಸಾವಯವವಾಗಿದ್ದರೂ ರಾಸಾಯನಿಕವಿಲ್ಲದ್ದಾಗಿದ್ದರೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ನಿಜವಾದ ಮೊದಲ ಮಾತಿನಿಂದ "ಆದ್ದರಿಂದ ಮಧುಮೇಹಿಗಳೂ ತಿನ್ನಬಹುದು" ಎಂಬ ತಪ್ಪು ತೀರ್ಮಾನಕ್ಕೆ ಜಿಗಿಯುವ ಬರಹಗಳು ಬಹಳಷ್ಟಿವೆ. ಪ್ರತಿ ಸುದ್ದಿಯಲ್ಲೂ "ಆದ್ದರಿಂದ" ಎಂಬ ಪದ ಬರುವ ಜಾಗದಲ್ಲಿ ನಿಂತು ಯೋಚಿಸಿ.

ಔಷಧದ ಗುಣಮಟ್ಟದ ಸುದ್ದಿಯಲ್ಲಿ ನೋಡಬೇಕಾದದ್ದು ಬ್ಯಾಚ್ ಸಂಖ್ಯೆ, ಅಂದರೆ ಒಂದು ಬಾರಿಗೆ ತಯಾರಾದ ಮಾತ್ರೆಗಳಿಗೆ ಕೊಡುವ ಗುರುತು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಮಾಸಿಕ ಪಟ್ಟಿಯಲ್ಲಿ 50ಕ್ಕೂ ಹೆಚ್ಚು ಮಾದರಿಗಳು ಗುಣಮಟ್ಟದ್ದಲ್ಲ ಎಂದು ಪ್ರಕಟವಾದಾಗ ಪ್ಯಾರಾಸಿಟಮಾಲ್, ಮಧುಮೇಹದ ಗ್ಲಿಮಿಪಿರೈಡ್, ರಕ್ತದೊತ್ತಡದ ಟೆಲ್ಮಿಸಾರ್ಟಾನ್ ಹೆಸರುಗಳೂ ಅದರಲ್ಲಿದ್ದವು. ವಿಫಲವಾದದ್ದು ನಿರ್ದಿಷ್ಟ ತಯಾರಕರ ನಿರ್ದಿಷ್ಟ ಬ್ಯಾಚ್‌ಗಳು. ಆ ಹೆಸರಿನ ಎಲ್ಲ ಮಾತ್ರೆಗಳಲ್ಲ. ನಿಮ್ಮ ಮಾತ್ರೆಯ ಸ್ಟ್ರಿಪ್ ಮೇಲಿನ ಬ್ಯಾಚ್ ಸಂಖ್ಯೆಯನ್ನು ಆ ಮಾಸಿಕ ಪಟ್ಟಿಯೊಂದಿಗೆ ತಾಳೆ ನೋಡಿ, ಹೊಂದಿಕೆಯಾದರೆ ಅಂಗಡಿಗೆ ಮರಳಿಸಿ ಬೇರೆ ಬ್ಯಾಚ್ ಪಡೆಯಿರಿ. ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ. ಸ್ಟ್ರಿಪ್‌ನಿಂದ ಮಾತ್ರೆ ಕತ್ತರಿಸುವಾಗ ಬ್ಯಾಚ್ ಸಂಖ್ಯೆ ಇರುವ ತುದಿಯನ್ನು ಕೊನೆಯವರೆಗೆ ಉಳಿಸಿಕೊಳ್ಳುವುದು ಮತ್ತು ಬಿಲ್ಲು ಪಡೆಯುವುದು ಒಳ್ಳೆಯ ಅಭ್ಯಾಸ.

ಎಲ್ಲ ಎಚ್ಚರಿಕೆಗಳೂ ಉತ್ಪ್ರೇಕ್ಷೆ ಎಂದು ತಿಳಿಯುವುದೂ ಅಷ್ಟೇ ದೊಡ್ಡ ತಪ್ಪು. 2025ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾರದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಮೂತ್ರಪಿಂಡ ವೈಫಲ್ಯದಿಂದ ಸಾವನ್ನಪ್ಪಿದರು ಮತ್ತು ಆ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವಸ್ತು ಇದ್ದುದು ಪರೀಕ್ಷೆಯಲ್ಲಿ ದೃಢಪಟ್ಟಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಸಿರಪ್ ಕೊಡಬಾರದು ಎಂದು ಕೇಂದ್ರ ಆರೋಗ್ಯ ಇಲಾಖೆ ಸೂಚಿಸಿತು. ಈ ಸುದ್ದಿ ಸರ್ಕಾರಿ ಪ್ರಯೋಗಾಲಯದ ವರದಿ, ಔಷಧದ ಹೆಸರು, ಬ್ಯಾಚ್ ಸಂಖ್ಯೆ ಎಲ್ಲವನ್ನೂ ಒಳಗೊಂಡಿತ್ತು. ಇಂತಹ ವಿವರಗಳಿರುವ ಎಚ್ಚರಿಕೆಯನ್ನು ಕೂಡಲೇ ಪಾಲಿಸಬೇಕು.

7. ವೈದ್ಯರ ಮುಂದೆ ಕೇಳುವ ಬಗೆ

ಕೆ.ಆರ್. ಆಸ್ಪತ್ರೆಯಲ್ಲಾಗಲಿ ಮಂಡ್ಯದ ಮಿಮ್ಸ್‌ನಲ್ಲಾಗಲಿ ಹೊರರೋಗಿ ವಿಭಾಗದ ಸಾಲು ನಿಮಗೆ ಗೊತ್ತೇ ಇದೆ. ವೈದ್ಯರಿಗೆ ನಿಮ್ಮೊಂದಿಗೆ ಮಾತನಾಡಲು ಸಿಗುವುದು ಕೆಲವೇ ನಿಮಿಷ. ಫೋನ್ ಮುಂದೆ ಹಿಡಿದು "ಈ ವಿಡಿಯೊ ನೋಡಿ ಸಾರ್" ಎಂದರೆ ಆ ಸಮಯ ಅದರಲ್ಲಿಯೇ ಕಳೆಯುತ್ತದೆ. ಸುದ್ದಿಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಂಡು ಹೋಗಿ, ಹೀಗೆ ಕೇಳಿ: "ನಾನು ತೆಗೆದುಕೊಳ್ಳುವ ಈ ಮಾತ್ರೆಯ ಬಗ್ಗೆ ಇಂತಹ ಸುದ್ದಿ ಓದಿದೆ. ನನ್ನ ವಯಸ್ಸಿಗೆ, ನನ್ನ ಕಾಯಿಲೆಗೆ ಇದು ಅನ್ವಯಿಸುತ್ತದೆಯೇ? ಮುಂದುವರಿಸಿದರೆ ಏನು, ಬದಲಿಸಿದರೆ ಏನು?" ವೈದ್ಯರು ಸಿಗದಿದ್ದರೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಅಥವಾ ನಮ್ಮ ಕ್ಲಿನಿಕ್‌ನ ವೈದ್ಯಾಧಿಕಾರಿಯನ್ನು ಕೇಳಬಹುದು. ಬೈಯುತ್ತಾರೆಂಬ ಹೆದರಿಕೆಯಿಂದ ಮನೆಮದ್ದಿನ ವಿಷಯವನ್ನು ಮುಚ್ಚಿಡುವುದು ರೋಗಿಗಳು ಮಾಡುವ ಅತ್ಯಂತ ಸಾಮಾನ್ಯ ತಪ್ಪು. ಮುಚ್ಚಿಟ್ಟರೆ ಪರೀಕ್ಷೆಯ ಏರುಪೇರಿಗೆ ವೈದ್ಯರು ತಪ್ಪು ಕಾರಣವನ್ನು ಊಹಿಸಬೇಕಾಗುತ್ತದೆ.

8. ಈಗಾಗಲೇ ಸುದ್ದಿ ನಂಬಿ ಏನನ್ನಾದರೂ ಆರಂಭಿಸಿದ್ದರೆ

ನಾಚಿಕೆಪಡುವ ಅಗತ್ಯವಿಲ್ಲ, ತಡಮಾಡಬಾರದು ಅಷ್ಟೇ. ನೀವು ಬಿಟ್ಟಿರುವ ಮಾತ್ರೆ ಯಾವುದು, ಎಂದಿನಿಂದ ಬಿಟ್ಟಿದ್ದೀರಿ ಎಂದು ವೈದ್ಯರಿಗೆ ತಿಳಿಸಿ. ಬಿಟ್ಟ ದಿನಗಳ ಮಾತ್ರೆಗಳನ್ನೆಲ್ಲ ಒಟ್ಟಿಗೆ ನುಂಗಬೇಡಿ. ಹೊಸದಾಗಿ ಸೇವಿಸುತ್ತಿರುವ ಪುಡಿ, ಎಣ್ಣೆ ಅಥವಾ ಕಷಾಯದ ಡಬ್ಬಿಯನ್ನೇ ಕೊಂಡೊಯ್ಯಿರಿ, ಖಾಲಿಯಾಗಿದ್ದರೂ ಸರಿ. ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು ಅಥವಾ ಕಡಿಮೆಯಾಗುವುದು, ಮೈ ತುರಿಕೆ, ಕಾಲು ಊತ ಇದ್ದರೆ ಅದೇ ದಿನ ಹೋಗಿ ಯಕೃತ್ತು ಮತ್ತು ಮೂತ್ರಪಿಂಡದ ರಕ್ತಪರೀಕ್ಷೆ ಬೇಕೇ ಎಂದು ಕೇಳಿ.

ಒಂದು ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ಕೀಲುನೋವು ಅಥವಾ ಉಬ್ಬಸಕ್ಕೆಂದು ಹೆಸರು, ಚೀಟಿ ಇಲ್ಲದ ಪುಡಿಯನ್ನು ವಾರಗಟ್ಟಲೆ ಸೇವಿಸಿ ಆಶ್ಚರ್ಯವೆನಿಸುವಷ್ಟು ಬೇಗ ಗುಣ ಕಂಡಿದ್ದರೆ, ಮುಖ ದಪ್ಪಗಾಗಿ ಹಸಿವು ಹೆಚ್ಚಿದ್ದರೆ, ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆಯಿದೆ. ಅಂತಹ ಪುಡಿಯನ್ನು ಭಯದಿಂದ ಒಮ್ಮೆಗೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೆ ಅಪಾಯವಾಗಬಹುದು. ಅದನ್ನು ಹೇಗೆ ಇಳಿಸಬೇಕೆಂದು ವೈದ್ಯರೇ ಹೇಳಬೇಕು. ಔಷಧದಿಂದ ಅಡ್ಡಪರಿಣಾಮವಾಗಿದೆ ಎಂಬ ಅನುಮಾನವಿದ್ದರೆ, ಅದು ಯಾವ ಪದ್ಧತಿಯ ಔಷಧವೇ ಆಗಿರಲಿ, ನೀವು ನೋಡುವ ವೈದ್ಯರ ಮೂಲಕ ವೈದ್ಯಕೀಯ ಕಾಲೇಜಿನ ಔಷಧ ಅಡ್ಡಪರಿಣಾಮ ನಿಗಾ ಕೇಂದ್ರಕ್ಕೆ ವರದಿ ಮಾಡಿಸಬಹುದು, ಅಥವಾ ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೆ ಕೆಲಸದ ದಿನಗಳಲ್ಲಿ ನೀವೇ ಕರೆ ಮಾಡಬಹುದು. ಕರೆ ಮಾಡುವಾಗ ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಸೇವಿಸಲು ಆರಂಭಿಸಿದ ದಿನಾಂಕ ಮತ್ತು ಲಕ್ಷಣ ಕಂಡ ದಿನಾಂಕ ಕೈಯಲ್ಲಿರಲಿ.